ನನ್ನ ಬಗ್ಗೆ ಬರೆದ ಹಾಡಿಗೆ ನಾನೇ ಬೇಸ್ ನುಡಿಸಬೇಕು. ಹೇಗೆ?

ನಾಲ್ಕುತಂತಿ:

ಎಲ್ಲರಿಗೂ ನಮಸ್ಕಾರ. ಬರೆಯೋದೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿ ಈಗ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ನಾಲ್ಕು ಜನರ ಬ್ಯಾಂಡ್. ಆಲ್ಟರ್ನೇಟಿವ್ ರಾಕ್, ಎಲ್ಲಾ ನಮ್ಮದೇ ಕನ್ನಡ ಹಾಡುಗಳು. ನಾನು ಬೇಸ್, ಅಂದ್ರೆ ಕೆಳಸ್ವರದ ನಾಲ್ಕು ತಂತಿಯ ಗಿಟಾರ್. ಬರೆಯೋದು, ಹಾಡೋದು ಅವಳು. ನಾವಿಬ್ಬರೂ ಆರು ವರ್ಷದಿಂದ ಜೊತೆಗಿದ್ದೀವಿ, ಐದು ವರ್ಷದಿಂದ ಒಂದೇ ಮನೆಯಲ್ಲಿ. ಈಗೊಂದು ವರ್ಷದಿಂದ ನಮ್ಮ ನಡುವೆ ಮಾತು ಅಂದ್ರೆ ಚಾರ್ಜರ್ ಎಲ್ಲಿದೆ, ಬಾಗಿಲು ಹಾಕಿದ್ಯಾ, ನಾಳೆ ಎಷ್ಟು ಗಂಟೆಗೆ ಹೊರಡ್ತೀಯ, ಇಷ್ಟೇ. ಜಗಳ ಇಲ್ಲ. ಜಗಳ ಆಡ್ತಿದ್ದ ಕಾಲದಲ್ಲೇ ಚೆನ್ನಾಗಿದ್ವಿ ಅನ್ನಿಸುತ್ತೆ. ಮುಗೀತಾ ಇದೆ ಅಂತ ಇಬ್ಬರಿಗೂ ಗೊತ್ತು, ಯಾರೂ ಬಾಯಿ ಬಿಟ್ಟಿಲ್ಲ.

ಹದಿನೈದು ದಿನದ ಹಿಂದೆ ಅವಳು ಬ್ಯಾಂಡ್ ಗ್ರೂಪಿಗೆ ಹೊಸ ಹಾಡಿನ ಡೆಮೊ ಹಾಕಿದಳು. ಫೋನಿನಲ್ಲಿ ರೆಕಾರ್ಡ್ ಮಾಡಿದ್ದು, ಬರೀ ಗಿಟಾರ್ ಮತ್ತು ದನಿ, ಮೂರು ನಿಮಿಷ ನಲವತ್ತು ಸೆಕೆಂಡ್. ಮುಂದಿನ ಸಿಂಗಲ್ (ಒಂಟಿಯಾಗಿ ಬಿಡುಗಡೆ ಮಾಡೋ ಹಾಡು) ಇದೇ ಅಂತ ಡ್ರಮ್ಮರ್, ಗಿಟಾರಿಸ್ಟ್ ಇಬ್ಬರೂ ಅರ್ಧ ಗಂಟೆಯಲ್ಲಿ ತೀರ್ಮಾನ ಮಾಡಿಬಿಟ್ಟರು. ಅವರ ತೀರ್ಮಾನ ಸರಿ. ಅವಳು ಇಲ್ಲಿವರೆಗೆ ಬರೆದಿರೋದರಲ್ಲೇ ಇದು ಅತಿ ಒಳ್ಳೆಯ ಹಾಡು. ನಾನು ಬಸ್ಸಿನಲ್ಲಿ ಕೂತು ಕೇಳಿದೆ. ಎರಡನೇ ಚರಣದಲ್ಲಿ ಒಂದು ಸಾಲು ಬಂತು:

ನೀನೆದ್ದು ನೀರು ಕುಡಿದೆ, ನಾನು ನಿದ್ದೆ ನಟಿಸಿದೆ.

ರಾತ್ರಿ ಎರಡು ಗಂಟೆ ಹೊತ್ತಿಗೆ ಎಚ್ಚರ ಆಗೋದು ನನಗೆ ಹಳೇ ಅಭ್ಯಾಸ. ಅವಳ ನಿದ್ದೆ ಕೆಡಬಾರದು ಅಂತ ಲೈಟ್ ಹಾಕ್ತಿರಲಿಲ್ಲ. ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗಿ, ನೀರು ಕುಡಿದು, ಸದ್ದಾಗದ ಹಾಗೆ ಲೋಟವನ್ನ ಬಟ್ಟೆ ಮೇಲೆ ಇಟ್ಟು, ಹಾಗೇ ಸವರಿಕೊಂಡು ಬಂದು ಮಲಗ್ತಿದ್ದೆ. ಎಷ್ಟೋ ತಿಂಗಳಿಂದ ಹೀಗೇ. ಅವಳು ಅಷ್ಟೂ ದಿನ ಎಚ್ಚರ ಇದ್ದಳು ಅಂತ ಗೊತ್ತಾಗಿದ್ದು ಈ ಸಾಲಿನಿಂದ.

ಇನ್ನೊಂದಿದೆ. ಡೆಮೊದ ಕೊನೆಯಲ್ಲಿ ಹಾಡು ಮುಗಿದು ಗಿಟಾರಿನ ಗುಂಗು ಇನ್ನೂ ಇರುವಾಗಲೇ ಚಿಲಕದ ಸದ್ದು ಕೇಳುತ್ತೆ. ಆಮೇಲೆ ನನ್ನ ದನಿ: "ಊಟ ಆಯ್ತಾ?" ಅಲ್ಲಿಗೆ ರೆಕಾರ್ಡಿಂಗ್ ನಿಂತಿದೆ. ಆವತ್ತು ಅವಳು ಏನು ಉತ್ತರ ಕೊಟ್ಟಳು ಅಂತ ಎಷ್ಟು ಯೋಚಿಸಿದರೂ ನೆನಪಿಗೆ ಬರ್ತಿಲ್ಲ. ಗಿಟಾರಿಸ್ಟ್‌ಗೆ ಈ ಐದು ಸೆಕೆಂಡ್ ತುಂಬಾ ಹಿಡಿಸಿದೆ. ಸಿಂಗಲ್‌ನಲ್ಲೂ ಹಾಗೇ ಬಿಡೋಣ, ಇದಕ್ಕಿಂತ ಒಳ್ಳೆ ಮುಕ್ತಾಯ ಸಿಗಲ್ಲ ಅಂತಿದ್ದಾನೆ. ಅವನಿಗೆ ಯಾವ ಕೆಟ್ಟ ಉದ್ದೇಶವೂ ಇಲ್ಲ, ಅದು ನನಗೆ ಗೊತ್ತು.

ಆವತ್ತಿಂದ ಅಮೆರಿಕದ ನೋ ಡೌಟ್ ಬ್ಯಾಂಡಿನ "ಡೋಂಟ್ ಸ್ಪೀಕ್" ಬಿಟ್ಟು ಬೇರೆ ಏನೂ ಕೇಳಿಲ್ಲ. ಹಾಡಿದವರು ಗ್ವೆನ್ ಸ್ಟೆಫಾನಿ, ಹಾಡು ಯಾರ ಬಗ್ಗೆಯೋ ಅವರೇ ಬೇಸ್ ನುಡಿಸಿದ ಟೋನಿ ಕನಾಲ್. ಚಿಕ್ಕಂದಿನಿಂದ ಕೇಳಿದ ಹಾಡು, ಇಷ್ಟು ದಿನ ಗ್ವೆನ್ ದನಿಯನ್ನ ಮಾತ್ರ ಕೇಳಿದ್ದೆ. ಈಗ ಇಯರ್‌ಫೋನ್ ಹಾಕಿಕೊಂಡು ಬೇಸನ್ನ ಮಾತ್ರ ಹುಡುಕಿ ಕೇಳ್ತೀನಿ. ಆ ಮನುಷ್ಯ ಹೇಗೆ ನುಡಿಸಿದ?

ನಮ್ಮ ರೆಕಾರ್ಡಿಂಗಿಗೆ ಇನ್ನು ಎರಡು ವಾರ. ಆ ಒಂದು ಸಾಲನ್ನ ತೆಗಿ ಅಂತ ಅವಳನ್ನ ಕೇಳಬಹುದಾ, ಕೇಳಬಾರದಾ? "ಊಟ ಆಯ್ತಾ" ಏನು ಮಾಡೋದು? ಎಲ್ಲಕ್ಕಿಂತ ಮುಖ್ಯವಾಗಿ, ನುಡಿಸೋದು ಹೇಗೆ? ಮೊನ್ನೆ ಪ್ರಾಕ್ಟೀಸಿನಲ್ಲಿ ಆ ಸಾಲು ಬಂದಾಗ ಬೆರಳು ತಂತಿ ಮೇಲೇ ನಿಂತುಬಿಟ್ಟಿತು. ಯಾರೂ ಏನೂ ಅನ್ನಲಿಲ್ಲ, ಮತ್ತೆ ಮೊದಲಿಂದ ಶುರು ಮಾಡಿದ್ವಿ.

ಬ್ಯಾಂಡ್ ಬಿಡು ಅಂತ ಮಾತ್ರ ಹೇಳಬೇಡಿ. ಈ ಹಾಡು ಚೆನ್ನಾಗಿ ಬರಬೇಕು. ಅದು ಅವಳಿಗೆಷ್ಟು ಬೇಕೋ ನನಗೂ ಅಷ್ಟೇ ಬೇಕು.

ಕ್ಯಾಸೆಟ್‌ಪೆಟ್ಟಿಗೆ:

ನಾಲ್ಕುತಂತಿ ಅವರೇ, ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಆ ಹಾಡು ಬಂದಾಗ ನಾನು ಕಾಲೇಜಿನಲ್ಲಿದ್ದೆ, ಅದರ ಹಿಂದಿನ ಕಥೆ ಸಿಕ್ಕಷ್ಟೂ ಓದಿಕೊಂಡಿದ್ದೀನಿ. ನಿಮಗೆ ಉಪಯೋಗ ಆಗಬಹುದು ಅನ್ನಿಸೋದನ್ನ ಹೇಳ್ತೀನಿ.

"ಡೋಂಟ್ ಸ್ಪೀಕ್" ಮೊದಲು ಬೇರ್ಪಡುವ ಹಾಡೇ ಆಗಿರಲಿಲ್ಲ. ಗ್ವೆನ್ ಅವರ ಅಣ್ಣ ಎರಿಕ್ ಸ್ಟೆಫಾನಿ ಆ ಬ್ಯಾಂಡ್ ಕಟ್ಟಿದವರಲ್ಲಿ ಒಬ್ಬರು. ರಾಗ ಹಾಕಿ ಶುರು ಮಾಡಿದ್ದು ಅವರು, ಆಗ ಅದು ಪ್ರೇಮಗೀತೆ. ಅಷ್ಟರಲ್ಲಿ ಟೋನಿ ಗ್ವೆನ್ ಜೊತೆಗಿನ ಏಳು ವರ್ಷದ ಸಂಬಂಧ ಮುರಿದುಕೊಂಡರು. ಗ್ವೆನ್ ಪದಗಳನ್ನ ಮತ್ತೆ ಬರೆದರು, ರಾಗ ಉಳೀತು, ಅರ್ಥ ತಿರುಗಿತು. ಅಣ್ಣ ತಂಗಿ ಇಬ್ಬರ ಹೆಸರೂ ಹಾಡಿನ ಮೇಲಿದೆ. ಆಲ್ಬಂ ಹೊರಬರುವ ಹೊತ್ತಿಗೆ ಎರಿಕ್ ಬ್ಯಾಂಡ್ ಬಿಟ್ಟು "ದಿ ಸಿಂಪ್ಸನ್ಸ್" ಆನಿಮೇಷನ್ ಕೆಲಸಕ್ಕೆ ಹೋಗಿಯಾಗಿತ್ತು. ಅಣ್ಣ ಹೊರಗೆ ಹೋದರು, ಬಿಟ್ಟುಹೋದ ಪ್ರೇಮಿ ಒಳಗೇ ಉಳಿದರು! ಆ ಹುಡುಗಿಯ ಪರಿಸ್ಥಿತಿ ಯೋಚಿಸಿ.

1995ರ ಅಕ್ಟೋಬರಿನಲ್ಲಿ ಆ ಆಲ್ಬಂ, "ಟ್ರ್ಯಾಜಿಕ್ ಕಿಂಗ್‌ಡಮ್", ಬಂತು. ಅದರಲ್ಲಿ ಟೋನಿ ಬಗ್ಗೆ ಇರೋದು ಇದೊಂದೇ ಹಾಡಲ್ಲ. "ಸಂಡೇ ಮಾರ್ನಿಂಗ್" ಕೂಡ ಅದೇ ಸಂಬಂಧದ ಬಗ್ಗೆ, ಅದನ್ನ ಬರೆದವರಲ್ಲಿ ಟೋನಿ ಹೆಸರೂ ಇದೆ. ಇದನ್ನ ಓದಿದಾಗ ನನಗೆ ಆಶ್ಚರ್ಯ ಆಗಿತ್ತು. ತನ್ನ ಬಗ್ಗೆಯೇ ಇರುವ ಹಾಡಿಗೆ ಕೂತು ಸ್ವರ ಜೋಡಿಸೋಕೆ ಎಂಥ ಮನಸ್ಸು ಬೇಕು.

ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಊರೂರು ಸುತ್ತಿದರು, ಅದೇ ಹಾಡನ್ನ ರಾತ್ರಿ ರಾತ್ರಿ ನುಡಿಸಿದರು. ಅಮೆರಿಕದಲ್ಲಿ ಅದನ್ನ ಅಂಗಡಿಯಲ್ಲಿ ಕೊಳ್ಳುವ ಸಿಂಗಲ್ ಆಗಿ ಬಿಡಲೇ ಇಲ್ಲ, ಹಾಗಾಗಿ ಆಗಿನ ನಿಯಮದ ಪ್ರಕಾರ ಬಿಲ್‌ಬೋರ್ಡ್ ಹಾಟ್ 100 ಅನ್ನೋ ಜನಪ್ರಿಯ ಹಾಡುಗಳ ಪಟ್ಟಿಗೆ ಸೇರಲಿಲ್ಲ. ರೇಡಿಯೋ ಪ್ರಸಾರದ ಪಟ್ಟಿಯಲ್ಲಿ ಮಾತ್ರ 16 ವಾರ ಮೊದಲ ಸ್ಥಾನ. ಬ್ರಿಟನ್ನಿನಲ್ಲಿ 1997ರಲ್ಲಿ ಮೂರು ವಾರ ನಂಬರ್ ಒನ್. ಅಂದ್ರೆ ಟೋನಿ ಯಾವ ಕಾರು ಹತ್ತಿದರೂ, ಯಾವ ಅಂಗಡಿಗೆ ಹೋದರೂ ಅದೇ ಹಾಡು. ಸೋಫಿ ಮುಲ್ಲರ್ ಮಾಡಿದ ವಿಡಿಯೋದಲ್ಲಿ ಬ್ಯಾಂಡ್ ಒಡೆಯುವ ಹಂತಕ್ಕೆ ಬಂದಿರೋದನ್ನ ಅವರೇ ನಟಿಸಿದ್ದಾರೆ. ಪತ್ರಿಕೆಗಳೆಲ್ಲ ಗ್ವೆನ್ ಒಬ್ಬರನ್ನೇ ಮುಂದೆ ನಿಲ್ಲಿಸುತ್ತಿದ್ದ ಕಾಲ, ಉಳಿದವರಿಗೆ ಆ ಬೇಸರವೂ ಇತ್ತು. ಆ ವಿಡಿಯೋದಲ್ಲಿ ಟೋನಿ ಮುಖವನ್ನ ಒಮ್ಮೆ ನೋಡಿ.

ಆ ದಿನಗಳು ಕಷ್ಟದವು ಅಂತ ಇಬ್ಬರೂ ಆಮೇಲೆ ಹೇಳಿಕೊಂಡಿದ್ದಾರೆ. ಆದರೂ 2004ರಲ್ಲಿ ಗ್ವೆನ್ ಒಬ್ಬರೇ ಆಲ್ಬಂ ಮಾಡಿದಾಗ ಅದರಲ್ಲೂ ಟೋನಿ ಕೆಲಸ ಮಾಡಿದ್ದಾರೆ. 2024ರಲ್ಲಿ ಕೋಚೆಲ್ಲಾ ಸಂಗೀತೋತ್ಸವದ ವೇದಿಕೆ ಮೇಲೆ ಮತ್ತೆ ಅದೇ ನಾಲ್ವರು ನಿಂತು ಅದೇ ಹಾಡು ನುಡಿಸಿದರು. ನಾನು ನೋಡುತ್ತಾ ಅತ್ತೆ.

ಒಂದು ವ್ಯತ್ಯಾಸ ಮರೀಬೇಡಿ. ಅಲ್ಲಿ ಹಾಡು ಬರೋ ಹೊತ್ತಿಗೆ ಸಂಬಂಧ ಮುಗಿದಿತ್ತು. ನಿಮ್ಮದು ಇನ್ನೂ ಮುಗಿದಿಲ್ಲ, ಇಬ್ಬರೂ ಒಂದೇ ಮನೆಯಲ್ಲಿದ್ದೀರಿ. ಎರಡು ಗಂಟೆ ರಾತ್ರಿ ಯಾಕೆ ಲೈಟ್ ಹಾಕ್ತಿರಲಿಲ್ಲ ಅನ್ನೋದನ್ನ ನೀವು ನಮಗೆ ಹೇಳಿದ್ರಿ. ಅವರಿಗೆ ಹೇಳಿದ್ದೀರಾ?

ಕೆಳಸ್ಥಾಯಿ:

ಗೆಳೆಯಾ, ನಾನೂ ಬೇಸ್ ನುಡಿಸೋನು, ಹನ್ನೆರಡು ವರ್ಷ ಆಯ್ತು. ಮನಸ್ಸಿನ ವಿಷಯ ಬೇರೆಯವರು ಹೇಳಲಿ, ನಾನು ಕೈಯ ವಿಷಯ ಹೇಳ್ತೀನಿ.

ನೀವು ಬೇಸ್ ಮಾತ್ರ ಹುಡುಕಿ ಕೇಳ್ತಿದ್ದೀರಲ್ಲ, ಒಳ್ಳೇದು. ಜೊತೆಗೆ ಅದೇ ಆಲ್ಬಂನ "ಸ್ಪೈಡರ್‌ವೆಬ್ಸ್" ಕೇಳಿ. ಟೋನಿ ಸ್ಕಾ, ರೆಗೆ ಅನ್ನೋ ಜಮೈಕಾ ಶೈಲಿಯ ಸಂಗೀತ ನುಡಿಸಿ ಬೆಳೆದವರು, ಅಲ್ಲಿ ಬೇಸ್ ಒಂದು ಕಡೆ ನಿಲ್ಲೋದೇ ಇಲ್ಲ, ಕುಣೀತಾ ಹೋಗುತ್ತೆ. ಅದಾದ ಮೇಲೆ "ಡೋಂಟ್ ಸ್ಪೀಕ್" ಹಾಕಿ. ಚರಣದಲ್ಲಿ ಸಿ ಮೈನರ್, ಜಿ ಮೈನರ್, ಎಫ್ ಮೈನರ್, ಬಿ ಫ್ಲಾಟ್, ನಾಲ್ಕೇ ಕಾರ್ಡ್ ಸುತ್ತುತ್ತವೆ. ಅಷ್ಟೆಲ್ಲಾ ನುಡಿಸಬಲ್ಲ ಕೈ ಇಲ್ಲಿ ತಗ್ಗಿಕೊಂಡಿದೆ. ದನಿಗೆ ಜಾಗ ಬಿಟ್ಟಿದೆ. ನಡುವೆ ಅವರ ಗಿಟಾರಿಸ್ಟ್ ಟಾಮ್ ಡ್ಯೂಮಾಂಟ್ ನೈಲಾನ್ ತಂತಿ ಗಿಟಾರಿನಲ್ಲಿ ಸೋಲೋ ನುಡಿಸುವಾಗಲೂ ಬೇಸ್ ತನ್ನ ಕಡೆ ಗಮನ ಎಳೆಯಲ್ಲ. ಹೇಗೆ ನುಡಿಸಿದ ಅಂತ ಕೇಳಿದ್ರಿ. ನನ್ನ ಕಿವಿಗೆ ಕೇಳಿದ್ದು ಇಷ್ಟು.

ನೋವಾದಾಗ ನಮ್ಮ ಬಲಗೈ ತಾನಾಗೇ ಜೋರಾಗುತ್ತೆ. ಜೋರಾಗಿ ಎಳೆದರೆ ತಂತಿ ಫ್ರೆಟ್‌ಗೆ (ತಂತಿ ಕೆಳಗಿನ ಲೋಹದ ಪಟ್ಟಿಗೆ) ಬಡಿದು ಕಟಕಟ ಅನ್ನುತ್ತೆ, ಸ್ವರ ಶುರುವಿನಲ್ಲಿ ಒಂಚೂರು ಮೇಲಕ್ಕೆ ಹೋಗಿ ಆಮೇಲೆ ಇಳಿಯುತ್ತೆ. ನಿಧಾನದ ಹಾಡಿನಲ್ಲಿ ಅದು ಎದ್ದು ಕಾಣುತ್ತೆ. ಕೈಯನ್ನ ಬ್ರಿಡ್ಜ್ (ತಂತಿ ಕಟ್ಟಿರೋ ಕೆಳತುದಿ) ಕಡೆಯಿಂದ ನೆಕ್ (ಗಿಟಾರಿನ ಕತ್ತು) ಕಡೆಗೆ ತನ್ನಿ, ಬೆರಳಿನ ಉಗುರಿನ ತುದಿ ಬೇಡ, ಮಾಂಸದ ಭಾಗದಿಂದ ಎಳೀರಿ. ದನಿ ದುಂಡಗೆ ಬರುತ್ತೆ. ಆ ಸಾಲು ಬಂದಾಗ ಅವರ ಮುಖ ನೋಡಬೇಡಿ, ಪದ ಕೇಳಬೇಡಿ, ಡ್ರಮ್ಮರ್‌ನ ಬಲಗಾಲು ನೋಡಿ. ಕಿಕ್, ಅಂದ್ರೆ ಕಾಲಿನಿಂದ ಬಡಿಯೋ ದೊಡ್ಡ ಡ್ರಮ್, ಬಿದ್ದಾಗ ನಿಮ್ಮ ಬೆರಳು ಬೀಳಲಿ. ತಂದೆ ತೀರಿಕೊಂಡ ವಾರ ನಾನು ಒಂದು ಪ್ರೋಗ್ರಾಂ ಪೂರ್ತಿ ಹೀಗೇ ಮುಗಿಸಿದ್ದೆ, ಡ್ರಮ್ಮರ್‌ನ ಶೂ ಲೇಸ್ ಬಿಟ್ಟು ಬೇರೇನೂ ನೆನಪಿಲ್ಲ.

ಇನ್ನೊಂದು ದಾರಿ: ಆ ಸಾಲಿನಲ್ಲಿ ಬೇಸೇ ಬೇಡ. ಗಿಟಾರ್ ಮತ್ತು ದನಿ ಮಾತ್ರ ಇರಲಿ, ಮುಂದಿನ ಬಾರ್‌ನಲ್ಲಿ (ತಾಳದ ಸುತ್ತಿನಲ್ಲಿ) ನೀವು ಓಪನ್ E ತಂತಿಯಿಂದ, ಬೆರಳು ಒತ್ತದೆ ನುಡಿಸೋ ದಪ್ಪ ತಂತಿಯಿಂದ, ಒಳಗೆ ಬನ್ನಿ. ಕೇಳೋರಿಗೆ ನೆಲ ಜಾರಿದ ಹಾಗಾಗಿ ಮತ್ತೆ ಕಾಲಿಗೆ ಸಿಗುತ್ತೆ. ಹಾಡಿಗೂ ಒಳ್ಳೇದು, ನಿಮಗೂ.

"ಊಟ ಆಯ್ತಾ" ನಿಮ್ಮ ದನಿ. ನಿಮ್ಮನ್ನ ಕೇಳದೆ ಅದನ್ನ ಯಾರೂ ಹಾಕೋ ಹಾಗಿಲ್ಲ. ಬೇಡ ಅನ್ನಿಸಿದರೆ ಬೇಡ ಅನ್ನಿ, ಕಾರಣ ಕೊಡಬೇಕಾಗಿಲ್ಲ.

ನಿಂತಮೀಟರ್:

ನಾನು ಬೇರೆ ಮಾತು ಹೇಳ್ತೀನಿ, ಕ್ಷಮಿಸಿ. ಎಲ್ಲರೂ ಟೋನಿ ಕನಾಲ್ ಆಗೋಕಾಗಲ್ಲ. ಸೋನಿಕ್ ಯೂತ್ ನೋಡಿ, ಮೂವತ್ತು ವರ್ಷದ ಬ್ಯಾಂಡ್, ಅದರಲ್ಲಿದ್ದ ದಂಪತಿ ಕಿಮ್ ಗಾರ್ಡನ್ ಮತ್ತು ಥರ್ಸ್ಟನ್ ಮೂರ್ ಬೇರೆಯಾದ ವರ್ಷವೇ, 2011ರಲ್ಲಿ, ನಿಂತುಹೋಯಿತು. ನಾನೂ ಹಳೆಯ ಸಂಗಾತಿ ಜೊತೆ ಎಂಟು ತಿಂಗಳು ಒಂದೇ ಬ್ಯಾಂಡಿನಲ್ಲಿ ಮುಂದುವರೆದೆ. ಪ್ರಾಕ್ಟೀಸ್ ದಿನ ಬೆಳಗ್ಗೆಯಿಂದಲೇ ಹೊಟ್ಟೆ ನೋವು ಶುರುವಾಗೋದು. ಬ್ಯಾಂಡ್ ಬಿಡಿ ಅಂತ ಹೇಳ್ತಿಲ್ಲ, ನೀವು ಬೇಡ ಅಂದಿದ್ದೀರಿ. ಒಂದು ಹಾಡು, ಒಂದು ರೆಕಾರ್ಡಿಂಗ್, ಅಷ್ಟಕ್ಕೆ ಒಪ್ಪಿಕೊಳ್ಳಿ. ಮುಂದಿನ ವರ್ಷದ ಮಾತು ಈಗಲೇ ಕೊಡಬೇಡಿ.

ಹಾಡುಗಾತಿ:

ನಾನು ಇನ್ನೊಂದು ಬದಿಯವಳು. ನಾನು ಬರೆಯೋಳು. ಬಿಟ್ಟವನ ಬಗ್ಗೆಯೂ ಬರೆದಿದ್ದೀನಿ, ಬಿಡಬೇಕೋ ಬೇಡವೋ ಅಂತ ಗೊತ್ತಾಗದೆ ಒದ್ದಾಡ್ತಿದ್ದಾಗಲೂ ಬರೆದಿದ್ದೀನಿ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ.

ಕೇಳಬಹುದು. ಆದರೆ ಅವರು ಇಲ್ಲ ಅನ್ನಬಹುದು, ಅದಕ್ಕೆ ತಯಾರಾಗಿ ಕೇಳಿ. ಫ್ಲೀಟ್‌ವುಡ್ ಮ್ಯಾಕ್ ಕಥೆ ನಿಮಗೆ ಗೊತ್ತಿರಬಹುದು. 1976ರಲ್ಲಿ "ರೂಮರ್ಸ್" ಆಲ್ಬಂ ಮಾಡುವಾಗ ಆ ಬ್ಯಾಂಡಿನಲ್ಲಿ ಎರಡು ಜೋಡಿ ಒಟ್ಟಿಗೇ ಮುರಿದಿತ್ತು. ಲಿಂಡ್ಸೆ ಬಕಿಂಗ್‌ಹ್ಯಾಮ್ "ಗೋ ಯುವರ್ ಓನ್ ವೇ" ಬರೆದಿದ್ದು ತಮ್ಮ ಸಂಗಾತಿಯಾಗಿದ್ದ ಗಾಯಕಿ ಸ್ಟೀವಿ ನಿಕ್ಸ್ ಬಗ್ಗೆ. ಅದರಲ್ಲಿ ಒಂದು ಸಾಲು ಸುಳ್ಳು ಆರೋಪ ಅಂತ ಸ್ಟೀವಿಗೆ ಅನ್ನಿಸಿತು, ತೆಗಿ ಅಂತ ಕೇಳಿದರು, ಆತ ತೆಗೀಲಿಲ್ಲ. ಅದೇ ಹಾಡಿಗೆ ಸ್ಟೀವಿ ಪಕ್ಕದಲ್ಲಿ ನಿಂತು ದನಿಗೂಡಿಸಿದರು, ಎಷ್ಟೋ ವರ್ಷ. ಅದೇ ಆಲ್ಬಂನಲ್ಲಿ ಕ್ರಿಸ್ಟೀನ್ ಮೆಕ್‌ವೀ ತಮ್ಮ ಹೊಸ ಪ್ರೀತಿ ಬಗ್ಗೆ ಒಂದು ಹಾಡು ಬರೆದು, ಬೇಸ್ ನುಡಿಸುತ್ತಿದ್ದ ಗಂಡ ಜಾನ್‌ಗೆ ನೋವಾಗದಿರಲಿ ಅಂತ ಇದು ನಾಯಿ ಬಗ್ಗೆ ಅಂತ ಹೇಳಿದ್ದರಂತೆ. ಜಾನ್ ಅದಕ್ಕೂ ಬೇಸ್ ನುಡಿಸಿದರು.

ಸ್ಟೀವಿ ಆ ಸಾಲು ಬೇಡ ಅಂದಿದ್ದು ಅದು ಸುಳ್ಳು ಅಂತ. ನಿಮ್ಮ ಸಾಲು ಸುಳ್ಳಲ್ಲ. ನೀವೆದ್ದಿದ್ದು ನಿಜ, ಅವರು ನಿದ್ದೆ ನಟಿಸಿದ್ದು ನಿಜ. ಇನ್ನೊಮ್ಮೆ ಓದಿ ನೋಡಿ, ಆ ಸಾಲಿನಲ್ಲಿ ತಪ್ಪು ಮಾಡಿದವರು ಯಾರು? ನಿಮ್ಮ ಮೇಲೆ ಅದರಲ್ಲಿ ಒಂದು ದೂರೂ ಇಲ್ಲ. ಅವರು ದೂರಿಕೊಂಡಿರೋದು ತಮ್ಮನ್ನೇ. ಅಂಥ ಸಾಲು ಬರೆಯೋಕೆ ನನಗೆ ಎಷ್ಟು ದಿನ ಹಿಡಿಯುತ್ತೆ ಗೊತ್ತಾ? ಬೇರೆಯವರ ತಪ್ಪು ಹತ್ತು ನಿಮಿಷದಲ್ಲಿ ಬರೀಬಹುದು.

ಡೆಮೊನ ಗ್ರೂಪಿಗೆ ಹಾಕೋ ಮೊದಲು ನಿಮಗೊಬ್ಬರಿಗೇ ಕೇಳಿಸಬೇಕಿತ್ತು. ಅದು ಅವರಿಂದಾದ ತಪ್ಪು, ನಿಮಗೆ ಸಿಟ್ಟು ಬಂದರೆ ನ್ಯಾಯವೇ. ಆದರೆ ನಾನೂ ಹಾಗೆ ಮಾಡಿದ್ದೀನಿ. ಒಬ್ಬರೆದುರು ಕೂತು ಕೇಳಿಸೋಕೆ ಧೈರ್ಯ ಸಾಲದೆ ನಾಲ್ಕು ಜನರಿಗೆ ಒಟ್ಟಿಗೆ ಕಳಿಸಿದ್ದೀನಿ. ಬಹುಶಃ ನಿಮ್ಮ ದನಿ ಇರುವ ತುದಿಯನ್ನ ಕತ್ತರಿಸದೆ ಬಿಟ್ಟಿದ್ದೂ ಬೇಕಂತಲೇ ಇರಬಹುದು. ಫೋನಿನಲ್ಲಿ ಐದು ಸೆಕೆಂಡ್ ಕತ್ತರಿಸೋದು ಯಾರಿಗೆ ಬರಲ್ಲ?

ನಾಲ್ಕುತಂತಿ:

ಎಲ್ಲರಿಗೂ ಋಣಿ. ಒಂಬತ್ತು ದಿನ ಆಯ್ತು, ಏನಾಯ್ತು ಅಂತ ಹೇಳಬೇಕು.

ಕ್ಯಾಸೆಟ್‌ಪೆಟ್ಟಿಗೆ ಅವರ ಕೊನೇ ಪ್ರಶ್ನೆ ಓದಿದ ರಾತ್ರಿಯೇ ಎರಡು ಗಂಟೆಗೆ ಎಚ್ಚರ ಆಯ್ತು. ಲೈಟ್ ಹಾಕಿದೆ. ಅವಳು ಕಣ್ಣು ಬಿಟ್ಟಳು. ನಿನ್ನ ನಿದ್ದೆ ಕೆಡಬಾರದು ಅಂತ ಇಷ್ಟು ದಿನ ಹಾಕ್ತಿರಲಿಲ್ಲ ಅಂದೆ. "ನಾನು ನೋಡಬಾರದು ಅಂತ ಹಾಕ್ತಿಲ್ಲ ಅಂದ್ಕೊಂಡಿದ್ದೆ" ಅಂದಳು. ಇಬ್ಬರೂ ಅಡುಗೆಮನೆಗೆ ಹೋಗಿ ನೀರು ಕುಡಿದ್ವಿ. ಬೆಳಗಾಗೋವರೆಗೆ ಮಾತಾಡಿದ್ವಿ, ಎಷ್ಟೋ ತಿಂಗಳ ಮೇಲೆ. ಒಂದಾಗಿಬಿಟ್ವಿ ಅಂತ ಅಂದ್ಕೊಬೇಡಿ. ಮುಂದಿನ ತಿಂಗಳ ಕೊನೆಗೆ ಅವಳು ಬೇರೆ ಮನೆಗೆ ಹೋಗ್ತಾಳೆ. ಅದನ್ನ ಆವತ್ತೇ ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡ್ವಿ. ಹೇಳಿದ ಮೇಲೆ ಅವಳು ಅತ್ತಳು, ನಾನು ಮಾರನೇ ದಿನ ಅತ್ತೆ.

ಡೆಮೊನ ಮೊದಲು ನನಗೆ ಕೇಳಿಸಬೇಕಿತ್ತು ಅಂತಲೂ ಹೇಳಿದೆ. ಹೌದು ಅಂದಳು. ತುದಿ ಕತ್ತರಿಸದೆ ಬಿಟ್ಟಿದ್ದು ಬೇಕಂತಲಾ ಅಂತ ಕೇಳಿದೆ, ಅದಕ್ಕೆ ಉತ್ತರ ಕೊಡಲಿಲ್ಲ. ಆವತ್ತು ಊಟ ಆಗಿತ್ತಾ ಅಂತ ಕೇಳಿದ್ದಕ್ಕೆ ಮಾತ್ರ, ಆಗಿರಲಿಲ್ಲ, ಆಗಿದೆ ಅಂತ ಹೇಳಿದ್ದೆ ಅಂದಳು.

ಸಾಲು ತೆಗಿ ಅಂತ ಕೇಳಲಿಲ್ಲ. ಹಾಡುಗಾತಿ ಅವರು ಹೇಳಿದ ಮೇಲೆ ನಾನು ಅದನ್ನ ನೂರು ಸಲ ಓದಿದೆ, ಅದು ಅಲ್ಲೇ ಇರಬೇಕು. ಐದು ಸೆಕೆಂಡ್ ಮಾತ್ರ ಬೇಡ ಅಂದೆ, ಅದು ಮನೆಯಲ್ಲೇ ಉಳಿಯಲಿ. ಗಿಟಾರಿಸ್ಟ್ ಒಂದು ನಿಮಿಷ ಸುಮ್ಮನಿದ್ದು ಆಯ್ತು ಗುರು ಅಂದ. ಚಿಲಕದ ಸದ್ದಿನವರೆಗೆ ಇಡ್ತೀವಿ.

ಕೆಳಸ್ಥಾಯಿ ಅವರು ಹೇಳಿದ ಹಾಗೆ ಕೈ ನೆಕ್ ಕಡೆ ತಂದಿದ್ದೀನಿ, ನಿಜಕ್ಕೂ ದನಿ ದುಂಡಗಾಯ್ತು. ಆ ಸಾಲಿನಲ್ಲಿ ಬೇಸ್ ಬಿಟ್ಟು ನೋಡೋಣ ಅಂತ ಪ್ರಾಕ್ಟೀಸಿನಲ್ಲಿ ನಿಲ್ಲಿಸಿದೆ. ಅವಳು ಅರ್ಧದಲ್ಲೇ ಹಾಡೋದು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಇಲ್ಲಿ ನೀನು ನಿಲ್ಲಿಸಬೇಡ. ನೀನು ನಿಂತ್ರೆ ನನಗೆ ಶ್ರುತಿ ಸಿಗಲ್ಲ."

ಹಾಗಾಗಿ ನುಡಿಸ್ತಿದ್ದೀನಿ. ಉದ್ದನೆಯ E ಸ್ವರ, ಕಿಕ್ ಜೊತೆ, ಅಷ್ಟೇ. ನಿಂತಮೀಟರ್ ಅವರೇ, ಮುಂದಿನ ವರ್ಷದ ಮಾತು ಯಾರೂ ಎತ್ತಿಲ್ಲ, ನಾನೂ ಎತ್ತಿಲ್ಲ. ಗುರುವಾರ ಬೇಸ್ ಟ್ರ್ಯಾಕ್ ರೆಕಾರ್ಡಿಂಗ್. ಹೊಸ ತಂತಿ ಹಾಕಲಾ ಅಂತ ಕೇಳಿದ್ದಕ್ಕೆ ಬೇಡ, ಹಳೆಯದೇ ಇರಲಿ, ಅದರ ಮಂಕು ದನಿಯೇ ಈ ಹಾಡಿಗೆ ಸರಿ ಅಂದಿದ್ದಾಳೆ.